ಸಿ ಬ್ಲಾಕಿನ ಕೆಳಗೆ

ನಕ್ಷೆಯನ್ನು ಗೆದ್ದಲು ತಿಂದಿತ್ತು. ಹಾಗಾಗಿ ನನ್ನನ್ನು ಕರೆಸಿದರು.
ಅರವತ್ತೆಂಟರ ಪೈಪು ಫಿಟ್ಟರು ನಾನು, ಅಂತೋಣಪ್ಪ,
ರಟ್ಟಿನ ಫ್ಯಾಕ್ಟರಿಯ ನೆಲದಡಿ ಏನೇನು ಹರಿಯುತ್ತಿತ್ತು
ಎಂಬುದಕ್ಕೆ ಉಳಿದ ಒಂದೇ ಪ್ರತಿ.

ಇಂಜಿನಿಯರ್ ಹುಡುಗಿ ಸುಣ್ಣದ ಪುಡಿಯ ಡಬ್ಬಿ ಹಿಡಿದು ಹಿಂದೆ ಬಂದಳು.
ನಾನು ಕಾಲಿಟ್ಟು ತೋರಿಸಿದಲ್ಲಿ ಗೆರೆ ಎಳೆದಳು.
ಇದು ಆವಿಯ ಕೊಳವೆ. ಇದು ಹೊಳೆಯಿಂದ ಬರುತ್ತಿದ್ದ ನೀರು.
ಇಲ್ಲಿ ನಿಲ್ಲಬೇಡ ಮಗಳೇ, ಕೆಳಗೆ ಟೊಳ್ಳು.
ಕಣ್ಣು ಮುಚ್ಚಿದರೆ ಎಲ್ಲ ಚೆನ್ನಾಗಿ ಕಾಣುತ್ತಿತ್ತು.
ತೆರೆದರೆ ಬರೀ ಲಂಟಾನ, ಯಾರೋ ಕಟ್ಟಿಹಾಕಿದ ಎಮ್ಮೆ,
ತುಕ್ಕು ಹಿಡಿದ ತೂಕದ ಕಟ್ಟೆ.

ಬೇಲಿಗೆ ಕಟ್ಟಿದ ಫಲಕದಲ್ಲಿ ಬೇರೆಯೇ ತುಂಗೆ.
ನೀಲಿ. ಎಂದಾದರೂ ಅಷ್ಟು ನೀಲಿ ಇದ್ದಳೇ ಇವಳು?
ದಡದುದ್ದ ಕಲ್ಲುಹಾಸು, ನಾಯಿ ಅಡ್ಡಾಡಿಸುವ ಹೆಂಗಸು,
ಅವಳ ಹಿಂದೆ ನಾಲ್ಕಂತಸ್ತಿನ ಮನೆಗಳು: ಎ, ಬಿ, ಸಿ.
ಬೆಂಚಿನ ಮೇಲೆ ಕೂತ ಒಬ್ಬನಿಗೂ ಬೆವರಿಲ್ಲ.

ನಮ್ಮ ಕಾಲದಲ್ಲಿ ಇಲ್ಲಿಗೆ ಹುಲ್ಲು ಬರುತ್ತಿತ್ತು.
ಸುಗ್ಗಿ ಮುಗಿದ ಮೇಲೆ ಶಿಕಾರಿಪುರದಿಂದ, ಹೊನ್ನಾಳಿ ಕಡೆಯಿಂದ
ಗಾಡಿ ಗಾಡಿ ಭತ್ತದ ಹುಲ್ಲು.
ಉಂಡೆ ಬಾಯ್ಲರಿಗೆ ಸುಣ್ಣದ ಜೊತೆ ತುಂಬಿ
ರಾತ್ರಿಯೆಲ್ಲ ಬೇಯಿಸಿದರೆ ಬೆಳಗ್ಗೆ
ದನ ಮೆಲುಕು ಹಾಕಿ ಉಗುಳಿದಂಥ ಗಂಜಿ.
ಅದೇ ರಟ್ಟಾಗಿ ಶಾಲೆ ಮಕ್ಕಳ ಪುಸ್ತಕಕ್ಕೆ ಬೆನ್ನಾಗುತ್ತಿತ್ತು.
ನನ್ನ ಸೆಲೀನಾ ಹೊಸ ನೋಟುಬುಕ್ಕು ಮೂಸಿ
“ಅಪ್ಪ, ನಿನ್ನ ವಾಸನೆ” ಅನ್ನುತ್ತಿದ್ದಳು.

ಬಿಸಿನೀರು ಹೊಳೆಗೆ ಬೀಳುವಲ್ಲಿ
ಲೈನಿನ ಹೆಂಗಸರು ಚಳಿಗಾಲದ ನಸುಕಿಗೇ ಸೇರುತ್ತಿದ್ದರು.
ಊರಿಗೆಲ್ಲ ತುಂಗಾ ಪಾನ, ನಮಗೆ ತುಂಗಾ ಸ್ನಾನ,
ಅದೂ ಸೌದೆ ಖರ್ಚಿಲ್ಲದೆ.
ಜೈತುನ್‌ಬಿ ಅಲ್ಲೇ ಬಟ್ಟೆ ಒಗೆದು, ಅಲ್ಲೇ ಕೂಸಿಗೆ ಎಣ್ಣೆ ನೀರು.
ಅಲ್ಲಿಂದ ಕೆಳಗೆ ಮೀನಿರಲಿಲ್ಲ.
ಅದನ್ನು ನಾವು ಯಾರೂ ಮಾತಾಡುತ್ತಿರಲಿಲ್ಲ.

ಲೈನಿನವರಿಗೂ ಮನೆಯೆಂದು ಹೋದ ಗುರುವಾರ ಚೀಟಿ ಎತ್ತಿದರು,
ಪ್ಲಾಸ್ಟಿಕ್ ಬಕೆಟ್ಟಿನಿಂದ.
ನನಗೆ ಸಿ ಬ್ಲಾಕ್, ಒಂದನೇ ಮಹಡಿ, ಹೊಳೆ ಕಡೆ ಕಿಟಕಿ.
ಜೈತುನ್‌ಬಿಗೆ ನನ್ನ ಕೆಳಗಿನದು. ಮಂಡಿ ನೋವಿನವಳು,
ಮೆಟ್ಟಿಲಿಲ್ಲ ಎಂದು ಅಲ್ಲೇ ಅತ್ತುಬಿಟ್ಟಳು.
ಪರದೆಗೆ ಬಟ್ಟೆ ಆಗಲೇ ಅಳೆಸಿದ್ದಾಳೆ.

ಸುಣ್ಣದ ಗೆರೆ ಸಿ ಬ್ಲಾಕಿನ ಗೂಟಗಳ ಹತ್ತಿರ ಬಂತು.
ನನ್ನ ಕಾಲು ತಾನೇ ನಿಧಾನವಾಯಿತು.

ವರ್ಷಗಟ್ಟಲೆ ಬೇಯಿಸಿದ ಸುಣ್ಣದ ರಾಡಿ
ಎಲ್ಲಿ ಹೋಯಿತೆಂದು ಯಾವ ಕಾಗದದಲ್ಲೂ ಇಲ್ಲ.
ರಾತ್ರಿ ಪಾಳಿಯಲ್ಲಿ ಗುಂಡಿ ತೋಡಿದವರು ಏಳು ಜನ,
ಆರು ಜನ ಈಗ ತಂತಮ್ಮ ಗುಂಡಿಯಲ್ಲಿದ್ದಾರೆ.
ಮೇಲೆ ಕೆಮ್ಮಣ್ಣು ಹಾಸಿ, ಒಂದು ಮಳೆಗಾಲ ಕಾದು,
ವಾಲಿಬಾಲ್ ನೆಟ್ ಕಟ್ಟಿದ್ದೆವು.
ಕಂಬ ಎಂದೂ ನೆಟ್ಟಗೆ ನಿಲ್ಲಲಿಲ್ಲ.

“ಇಲ್ಲೇನಾದರೂ ಇದೆಯಾ?” ಅಂದಳು ಹುಡುಗಿ.
ಹೊಳೆಯಾಚೆ ಯಾರೋ ಬಟ್ಟೆ ಬಡಿಯುತ್ತಿದ್ದರು.
ಏಟು ಕಣ್ಣಿಗೆ ಮೊದಲು, ಕಿವಿಗೆ ಆಮೇಲೆ.
ಆ ನಡುವಿನ ಹೊತ್ತಿನಲ್ಲಿ ನಾನು
ಹೊಳೆ ಕಡೆಯ ಕಿಟಕಿಯಲ್ಲಿ ಒಮ್ಮೆ ನಿಂತು ಬಂದೆ.

ಡಬ್ಬಿ ಇಸಿದುಕೊಂಡು
ನಾನೇ ಎಳೆದೆ ಗೆರೆ, ಸುತ್ತಲೂ, ದೊಡ್ಡದಾಗಿ,
ಸುಣ್ಣದ ಮೇಲೆ ಸುಣ್ಣ.

ಈಗ ಹೊಸ ಫಲಕ ಬಂದಿದೆ. ಎ ಇದೆ, ಬಿ ಇದೆ.
ಸಿ ಇದ್ದಲ್ಲಿ ಹಸಿರು ಬಳಿದು ‘ಸಾರ್ವಜನಿಕ ಬಯಲು’ ಎಂದು ಬರೆದಿದ್ದಾರೆ.
ಅಗೆದು ಹೊತ್ತೊಯ್ಯುವುದಕ್ಕಿಂತ ಹುಲ್ಲು ಅಗ್ಗವಂತೆ.
ನಲವತ್ತೆಂಟು ಮನೆಯವರು ಕಾಯುವ ಪಟ್ಟಿಯಲ್ಲಿ.

ಜೈತುನ್‌ಬಿ ನನ್ನೊಡನೆ ಮಾತು ಬಿಟ್ಟಿದ್ದಾಳೆ.
ಮೊನ್ನೆ ಹಾಲಿನ ಬೂತಿನಲ್ಲಿ ಚಿಲ್ಲರೆ ಎಣಿಸುತ್ತ,
ನನಗಲ್ಲ, ಹಾಲಿನವನಿಗೆ ಎಂಬಂತೆ ಅಂದಳು:
“ಮೂವತ್ತು ವರ್ಷ ಸುಮ್ಮನಿದ್ದವರಿಗೆ
ಇನ್ನೊಂದು ವರ್ಷ ಸುಮ್ಮನಿರೋಕೆ ಏನಾಗಿತ್ತು?”

ಉತ್ತರ ಇದ್ದಿದ್ದರೆ ಅಲ್ಲೇ ಹೇಳುತ್ತಿದ್ದೆ.
ಹಾಲಿನ ಪ್ಯಾಕೆಟ್ಟು ಕೈಯಲ್ಲಿ ಬೆವರುತ್ತಿತ್ತು.